ಎರಡು ತಿಳಿ ಕೂಡಿದಾಗ

ಕಾರ್ಕಳದ ಬಂಡೆಯ ಮೇಲೆ ಬಾಹುಬಲಿಯ ಮೂರ್ತಿ ನಿಂತದ್ದು 1432ರಲ್ಲಿ. 42 ಅಡಿ ಎತ್ತರದ ಆ ಶಿಲಾಮೂರ್ತಿಯ ಮೇಲೆ ಅಂದಿನಿಂದ ಆರು ನೂರಕ್ಕೆ ಸಮೀಪವಾಗುವಷ್ಟು ಮಳೆಗಾಲಗಳು ಸುರಿದುಹೋಗಿವೆ. ಮಳೆಯ ನೀರು ಕರಗಿಸಲಾರದ ವಸ್ತು ಅದು. ಆ ಬೆಟ್ಟದ ಸುತ್ತಲಿನ ಸೀಮೆಯಲ್ಲಿ ಅಡಿಕೆ ಬೆಳೆಯುವವನ ಬಯಕೆಯೂ ಅಂಥದೇ, ಆದರೆ ಅಷ್ಟು ದೊಡ್ಡದಲ್ಲ. ತಾನು ಗೊನೆಗಳಿಗೆ ಸಿಂಪಡಿಸಿದ ಮದ್ದು ನಲವತ್ತು ದಿನ ಮಳೆಯಲ್ಲಿ ಕರಗದೆ ನಿಂತರೆ ಅವನಿಗೆ ಸಾಕು. ಅಷ್ಟು ದಿನ ಅದು ನಿಂತಿತೆಂದರೆ ಬೆಳೆ ಉಳಿಯಿತು. ಎರಡೇ ಮಳೆಗೆ ತೊಳೆದುಹೋಯಿತೆಂದರೆ ವರ್ಷದ ಗಳಿಕೆಯೂ ಅದರೊಡನೆ ತೊಳೆದುಹೋಯಿತು.

ಮೇ ತಿಂಗಳ ಕೊನೆಯ ವಾರ. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟತೊಡಗಿದೆ. ಅಂಥದೊಂದು ತೋಟದ ಅಂಚಿನಲ್ಲಿ ಎರಡು ಪಾತ್ರೆಗಳು ಸಿದ್ಧವಾಗಿವೆ. ಒಂದರಲ್ಲಿ 50 ಲೀಟರು ನೀರಿನಲ್ಲಿ ಕರಗಿದ ಒಂದು ಕಿಲೋ ಮೈಲುತುತ್ತ. ನವಿಲಿನ ಕೊರಳಿನಂತೆ ನೀಲಿಯಾಗಿ, ತಳ ಕಾಣುವಷ್ಟು ತಿಳಿಯಾಗಿದೆ. ಇನ್ನೊಂದರಲ್ಲಿ 50 ಲೀಟರು ನೀರಿನಲ್ಲಿ ಕದಡಿದ ಒಂದು ಕಿಲೋ ಸುಣ್ಣ. ಉಡುಪಿಯ ಕಾಲೇಜಿನಿಂದ ರಜೆಗೆ ಬಂದ ಮೊಮ್ಮಗಳು ಅಜ್ಜನಿಗೆ ನೆರವಾಗಲೆಂದು ಸುಣ್ಣದ ಪಾತ್ರೆಯಿಂದ ಒಂದು ಕೊಡ ತುಂಬಿ ತುತ್ತದ ಪಾತ್ರೆಯ ಮೇಲೆ ಬಗ್ಗಿಸಿದಳು. ಅಜ್ಜ ಅವಳ ಕೈ ಹಿಡಿದು ನಿಲ್ಲಿಸಿದರು.

“ಹಾಗಲ್ಲ ಮಗಳೇ. ಸುಣ್ಣಕ್ಕೆ ತುತ್ತವನ್ನು ಹೊಯ್ಯಬೇಕು, ತುತ್ತಕ್ಕೆ ಸುಣ್ಣವನ್ನಲ್ಲ.”

“ಹೇಗೆ ಹೊಯ್ದರೂ ಸೇರುವುದು ಅವೆರಡೇ ಅಲ್ಲವೆ ಅಜ್ಜ?”

“ಸೇರುವುದು ಅವೆರಡೇ. ಆದರೆ ಹುಟ್ಟುವುದು ಒಂದೇ ಅಲ್ಲ.”

ಅಜ್ಜನಿಗೆ ಇದು ಕೈಯಿಂದ ಬಂದ ವಿದ್ಯೆ. ಏಕೆ ಹಾಗೆಂದು ಕೇಳಿದರೆ, ಹಿರಿಯರು ಹಾಗೆ ಮಾಡುತ್ತಿದ್ದರು ಎಂಬುದಕ್ಕಿಂತ ಹೆಚ್ಚಿನ ಉತ್ತರವನ್ನು ಅವರು ಕೊಡಲಾರರು. ಮೊಮ್ಮಗಳಿಗೆ ಪುಸ್ತಕದಿಂದ ಬಂದ ವಿದ್ಯೆಯಿದೆ. ಯಾವ ಲವಣದೊಡನೆ ಯಾವುದು ಕೂಡಿದರೆ ಗಸಿ ಇಳಿಯುವುದೆಂಬ ಪಟ್ಟಿಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದಾಳೆ. ಆದರೆ ಆ ಪಟ್ಟಿಗೂ ಈ ಪಾತ್ರೆಗೂ ಸಂಬಂಧವಿದೆಯೆಂಬುದು ಅವಳಿಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಈ ಎರಡು ವಿದ್ಯೆಗಳು ಕೂಡುವ ಸ್ಥಳವನ್ನು ನೋಡುವುದು ಕುತೂಹಲಕರವಾಗಿದೆ.

ಉಪ್ಪನ್ನು ನೀರಿಗೆ ಹಾಕಿದರೆ ಕರಗುತ್ತದೆ ಎಂಬುದು ಮಗುವಿಗೂ ಗೊತ್ತು. ಕರಗುವುದೆಂದರೆ ಏನು? ಉಪ್ಪಿನ ಹರಳು ಚೂರು ಚೂರಾಗಿ ಕಣ್ಣಿಗೆ ಕಾಣದಂತಾಗುವುದು ಎಂದಷ್ಟೇ ಬಹುಕಾಲ ತಿಳಿಯಲಾಗಿತ್ತು. 1884ರಲ್ಲಿ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾನಿಲಯಕ್ಕೆ ಸ್ವಾಂಟೆ ಅರ್ಹೇನಿಯಸ್ ಎಂಬ ತರುಣನು ಒಂದು ಪ್ರಬಂಧವನ್ನು ಒಪ್ಪಿಸಿದನು. ಆ ಪ್ರಬಂಧದಿಂದ ಬೆಳೆದ ಸಿದ್ಧಾಂತದ ಸಾರವಿಷ್ಟು: ಲವಣವು ನೀರಿನಲ್ಲಿ ಕರಗಿದಾಗ ಅದರ ಎರಡು ಅಂಗಗಳು ಒಂದನ್ನೊಂದು ಬಿಟ್ಟು ಬೇರೆಯಾಗುತ್ತವೆ, ಒಂದು ಅಂಗ ಧನ ವಿದ್ಯುತ್ತನ್ನೂ ಇನ್ನೊಂದು ಋಣ ವಿದ್ಯುತ್ತನ್ನೂ ಹೊತ್ತು ನೀರಿನಲ್ಲಿ ಸ್ವತಂತ್ರವಾಗಿ ಅಲೆಯುತ್ತವೆ. ಈ ಅಲೆಮಾರಿಗಳೇ ಅಯಾನುಗಳು. ಪರೀಕ್ಷಕರು ಆ ಪ್ರಬಂಧಕ್ಕೆ ಕೆಳದರ್ಜೆಯ ಅಂಕವನ್ನಷ್ಟೇ ಕೊಟ್ಟರು. ಅದೇ ಅರ್ಹೇನಿಯಸ್ಸನಿಗೆ 1903ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು.

ಈ ದೃಷ್ಟಿಯಿಂದ ನೋಡಿದರೆ, ತುತ್ತದ ಪಾತ್ರೆಯಲ್ಲಿ ಇರುವುದು ತುತ್ತವಲ್ಲ. ಅಲ್ಲಿರುವುದು ತಾಮ್ರದ ಅಯಾನು ಮತ್ತು ಸಲ್ಫೇಟ್ ಅಯಾನು. ಸುಣ್ಣದ ಪಾತ್ರೆಯಲ್ಲಿ ಕರಗಿರುವಷ್ಟು ಭಾಗದಲ್ಲಿ ಇರುವುದು ಕ್ಯಾಲ್ಸಿಯಂ ಅಯಾನು ಮತ್ತು ಹೈಡ್ರಾಕ್ಸೈಡ್ ಅಯಾನು. ಎರಡು ಪಾತ್ರೆಗಳೂ ಒಂದಾದಾಗ ಈ ನಾಲ್ವರೂ ಒಂದೇ ಚಾವಡಿಯಲ್ಲಿ ಕೂಡುತ್ತಾರೆ. ಧನ ಧನವನ್ನು ಒಲ್ಲದು, ಋಣ ಋಣವನ್ನು ಒಲ್ಲದು. ಆದುದರಿಂದ ಹೊಸದಾಗಿ ಆಗಬಹುದಾದ ಜೋಡಿಗಳು ಎರಡೇ ಎರಡು: ತಾಮ್ರದೊಡನೆ ಹೈಡ್ರಾಕ್ಸೈಡ್, ಕ್ಯಾಲ್ಸಿಯಮ್ಮಿನೊಡನೆ ಸಲ್ಫೇಟ್. ಈ ಎರಡು ಜೋಡಿಗಳಲ್ಲಿ ಯಾವುದಾದರೂ ನೀರಿನಲ್ಲಿ ಕರಗಲಾರದ್ದಾದರೆ ಅದು ಗಸಿಯಾಗಿ ಇಳಿಯುತ್ತದೆ. ಶಾಸ್ತ್ರದ ಭಾಷೆಯಲ್ಲಿ ಅದನ್ನೇ ಪ್ರಕ್ಷೇಪ ಎನ್ನುವರು. ಎರಡೂ ಕರಗುವಂಥವಾದರೆ ಏನೂ ಆಗುವುದಿಲ್ಲ. ನಾಲ್ವರೂ ಹಾಗೆಯೇ ಅಲೆಯುತ್ತಿರುತ್ತಾರೆ. ಅಡಿಗೆಯ ಉಪ್ಪಿನ ನೀರಿಗೆ ಪೆಟ್ಲುಪ್ಪಿನ ನೀರನ್ನು ಎಷ್ಟು ಬೆರೆಸಿದರೂ ಅದು ತಿಳಿಯಾಗಿಯೇ ಉಳಿಯುವುದು ಇದೇ ಕಾರಣದಿಂದ.

ಹಾಗಾದರೆ ಜೋಡಿಗಳ ಜಾತಕವನ್ನು ಮೊದಲೇ ನೋಡುವುದು ಹೇಗೆ? ಅದಕ್ಕೆ ಕೆಲವು ಸೂತ್ರಗಳಿವೆ. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಈ ಮೂವರು ಯಾರೊಡನೆ ಕೂಡಿದರೂ ಸಾಮಾನ್ಯವಾಗಿ ಕರಗಿಯೇ ಇರುತ್ತಾರೆ. ನೈಟ್ರೇಟ್ ಅಯಾನಿನ ಸ್ವಭಾವವೂ ಅಂಥದೇ. ಕ್ಲೋರೈಡುಗಳು ಬಹುಪಾಲು ಕರಗುತ್ತವೆ. ಬೆಳ್ಳಿ ಮತ್ತು ಸೀಸ ಮುಖ್ಯವಾದ ಅಪವಾದಗಳು. ಸಲ್ಫೇಟುಗಳೂ ಬಹುಪಾಲು ಕರಗುತ್ತವೆ. ಬೇರಿಯಂ ಮತ್ತು ಸೀಸದ ಸಲ್ಫೇಟುಗಳು ಕರಗುವುದಿಲ್ಲ, ಕ್ಯಾಲ್ಸಿಯಮ್ಮಿನದು ಸ್ವಲ್ಪ ಮಾತ್ರ ಕರಗುತ್ತದೆ. ಕಾರ್ಬೊನೇಟ್, ಫಾಸ್ಫೇಟ್, ಹೈಡ್ರಾಕ್ಸೈಡುಗಳ ರೀತಿ ಇದಕ್ಕೆ ವಿರುದ್ಧ. ಮೊದಲು ಹೇಳಿದ ಮೂವರೊಡನೆ ಕೂಡಿದರೆ ಕರಗುವುದು, ಉಳಿದವರೊಡನೆ ಕೂಡಿದರೆ ಬಹುಮಟ್ಟಿಗೆ ಗಸಿಯಾಗುವುದು ಅವುಗಳ ಗುಣ. ಇಷ್ಟನ್ನು ನೆನಪಿನಲ್ಲಿ ಇಟ್ಟವರು ಪಾತ್ರೆಗೆ ಕೈಹಾಕುವ ಮೊದಲೇ ಅದರ ಫಲವನ್ನು ಹೇಳಬಲ್ಲರು.

ಈಗ ಅಜ್ಜನ ಪಾತ್ರೆಗೆ ಮರಳಬಹುದು. ತಾಮ್ರ ಮತ್ತು ಹೈಡ್ರಾಕ್ಸೈಡ್ ಕೂಡಿದರೆ ಸೂತ್ರದಂತೆ ಗಸಿಯಾಗಬೇಕು, ಆಗುತ್ತದೆ. ಆಕಾಶದ ಬಣ್ಣದ, ಗಂಜಿಯ ತೆಳೆಯಂಥ ನುಣುಪಾದ ಪ್ರಕ್ಷೇಪ ಅದು. ಇನ್ನೊಂದು ಜೋಡಿ ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ. ಒಂದು ಲೀಟರು ನೀರು ಸುಮಾರು 2.4 ಗ್ರಾಮು ಜಿಪ್ಸಮ್ಮನ್ನು ಮಾತ್ರ ಕರಗಿಸಬಲ್ಲುದು. ಒಂದು ಕಿಲೋ ಮೈಲುತುತ್ತದಿಂದ ಹುಟ್ಟಬಹುದಾದ ಜಿಪ್ಸಂ ಸುಮಾರು 690 ಗ್ರಾಮು. 100 ಲೀಟರಿಗೆ ಹಂಚಿದರೆ ಲೀಟರಿಗೆ ಸುಮಾರು 7 ಗ್ರಾಮು. ಆದುದರಿಂದ ಅದರಲ್ಲಿಯೂ ಒಂದು ಪಾಲು ಗಸಿಯಾಗಿ ಇಳಿಯುತ್ತದೆ. ವಾಸ್ತವದಲ್ಲಿ ಆ ನೀಲಿ ಗಸಿಯ ರಚನೆ ಇನ್ನೂ ಸ್ವಲ್ಪ ಜಟಿಲವಾದುದು. ತಾಮ್ರದ ಹೈಡ್ರಾಕ್ಸೈಡಿನೊಡನೆ ಕೆಲವು ಸಂಕೀರ್ಣ ಸಲ್ಫೇಟುಗಳೂ ಅದರಲ್ಲಿ ಇರುತ್ತವೆ. ಆದರೆ ತೋಟಗಾರನಿಗೆ ಬೇಕಾದ ಸತ್ಯ ಒಂದೇ: ತಿಳಿಯಾಗಿದ್ದ ತಾಮ್ರ ಈಗ ಕರಗದ ತಾಮ್ರವಾಗಿದೆ.

ಇದರಲ್ಲಿಯೇ ಮದ್ದಿನ ಮರ್ಮವಿದೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದುದು ಫೈಟಾಫ್ತೊರಾ ಎಂಬ, ಬೂಷ್ಟನ್ನು ಹೋಲುವ ಸೂಕ್ಷ್ಮಜೀವಿ. ಅದರ ಬೀಜಕಣಗಳು ಕಾಯಿಯ ಮೇಲೆ ನಿಂತ ಮಳೆಹನಿಯಲ್ಲಿಯೇ ಈಜಿ ಒಳಹೊಗುತ್ತವೆ. ತಾಮ್ರ ಅವಕ್ಕೆ ವಿಷ. ಆದರೆ ತುತ್ತದ ನೀರನ್ನು ಹಾಗೆಯೇ ಸಿಂಪಡಿಸಿದರೆ ಎಳೆಗಾಯಿ, ಎಲೆಗಳು ಸುಟ್ಟುಹೋಗುತ್ತವೆ. ಸಾಲದುದಕ್ಕೆ, ಒಂದು ಲೀಟರು ನೀರಿನಲ್ಲಿ 300 ಗ್ರಾಮಿಗೂ ಮಿಕ್ಕಿ ಕರಗುವ ತುತ್ತವು ಮೊದಲ ಮಳೆಗೇ ಬುಡಕ್ಕೆ ಇಳಿಯುತ್ತದೆ. ಗಸಿಯಾದ ತಾಮ್ರವಾದರೋ ಕಾಯಿಗೆ ಅಂಟಿಕೊಂಡು ಒಣಗಿ, ಮಳೆಯಲ್ಲಿ ನಿಲ್ಲುತ್ತದೆ. ಮಳೆನೀರಿನ ಅಲ್ಪ ಆಮ್ಲತೆಯಿಂದಲೂ ರೋಗಾಣುವೇ ಹೊರಸೂಸುವ ರಸಗಳಿಂದಲೂ ಅತ್ಯಲ್ಪವಾಗಿ ಕರಗುತ್ತಾ, ಬೇಕಾದಷ್ಟೇ ವಿಷವನ್ನು ಬೇಕಾದಲ್ಲಿ ಒದಗಿಸುತ್ತದೆ. ಬೇರೆಡೆ ಶೋಧಿಸಿ ಚೆಲ್ಲುವ ಗಸಿ ಇಲ್ಲಿ ಮದ್ದೇ ಆಗಿದೆ.

ಈ ಮಿಶ್ರಣದ ಹುಟ್ಟೂ ಸ್ವಾರಸ್ಯವಾದುದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಒಕ್ಕಲಿಗರು ರಸ್ತೆಯಂಚಿನ ಬಳ್ಳಿಗಳಿಗೆ ತುತ್ತ ಮತ್ತು ಸುಣ್ಣವನ್ನು ಎರಚುತ್ತಿದ್ದರು. 1882ರಲ್ಲಿ ಆ ದಾರಿಯಲ್ಲಿ ಹೋದ ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿಯು, ಹೀಗೆ ಎರಚಿದ ಬಳ್ಳಿಗಳಲ್ಲಿ ಮಾತ್ರ ಎಲೆಗಳು ರೋಗವಿಲ್ಲದೆ ಉಳಿದುದನ್ನು ಕಂಡನು. ಪ್ರಯೋಗಗಳನ್ನು ನಡೆಸಿ 1885ರಲ್ಲಿ ಅದನ್ನು ಪ್ರಕಟಿಸಿದನು. ಕಳ್ಳರಿಗೆ ಒಡ್ಡಿದ ಬೆದರಿಕೆ ‘ಬೋರ್ಡೋ ದ್ರಾವಣ’ವೆಂಬ ಮದ್ದಾಯಿತು. ನಮ್ಮ ನಾಡಿಗೆ ಅದನ್ನು ಅಡಿಕೆಗಾಗಿ ತಂದ ಕೀರ್ತಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರಿಗೆ ಸಲ್ಲುತ್ತದೆ. ಕೊಳೆರೋಗವನ್ನು ಕುರಿತು ಅವರು ಬರೆದ ಪತ್ರಿಕೆ 1910ರಲ್ಲಿ ಹೊರಬಂದಿತು. ಅದಕ್ಕೆ ಮೊದಲು ಮಲೆನಾಡಿನ ಬೆಳೆಗಾರರು ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಆ ಕೊಟ್ಟೆಯ ಕೆಲಸವನ್ನು ಈಗ ಒಂದು ನೀಲಿ ಪೊರೆ ಮಾಡುತ್ತದೆ.

ಇನ್ನು ಅಜ್ಜ ಕೈಹಿಡಿದು ನಿಲ್ಲಿಸಿದ್ದಕ್ಕೆ ಕಾರಣ. ಸುಣ್ಣಕ್ಕೆ ತುತ್ತವನ್ನು ಸಣ್ಣ ಧಾರೆಯಾಗಿ ಹೊಯ್ದು ಕದಡುತ್ತಿದ್ದರೆ, ಒಳಗೆ ಬಿದ್ದ ತಾಮ್ರಕ್ಕೆ ಪ್ರತಿ ಕ್ಷಣವೂ ಸುತ್ತ ಸಮೃದ್ಧವಾದ ಹೈಡ್ರಾಕ್ಸೈಡ್ ದೊರೆಯುತ್ತದೆ. ಪ್ರಕ್ಷೇಪ ನುಣ್ಣಗೆ ಹುಟ್ಟಿ ಬಹಳ ಹೊತ್ತು ತೇಲುತ್ತಿರುತ್ತದೆ. ತುತ್ತಕ್ಕೆ ಸುಣ್ಣವನ್ನು ಹೊಯ್ದರೆ ಮೊದಮೊದಲು ತಾಮ್ರ ಹೇರಳ, ಸುಣ್ಣ ವಿರಳ. ಆಗ ಹುಟ್ಟುವ ಕಣಗಳು ಒರಟಾಗಿ ಬೇಗ ತಳಸೇರುತ್ತವೆ. ಪಿಚಕಾರಿಯ ಬಾಯನ್ನು ಕಟ್ಟುತ್ತವೆ. ಕಾಯಿಗೆ ಚೆನ್ನಾಗಿ ಅಂಟುವುದಿಲ್ಲ. ಮದ್ದನ್ನು ಮಾಡಿದ ದಿನವೇ ಮುಗಿಸಬೇಕೆಂಬ ಕಟ್ಟಳೆಗೂ ಇದೇ ಕಾರಣ. ನಿಂತಷ್ಟು ಹೊತ್ತು ಕಣಗಳು ಒರಟಾಗುತ್ತಾ ಹೋಗುತ್ತವೆ.

ಲೆಕ್ಕ ಮಾಡಿದರೆ ಇನ್ನೊಂದು ವಿಚಿತ್ರವೂ ಗೋಚರಿಸುತ್ತದೆ. ಒಂದು ಕಿಲೋ ತುತ್ತದ ತಾಮ್ರವನ್ನೆಲ್ಲ ಇಳಿಸಲು ಬೇಕಾಗುವ ಶುದ್ಧ ಅರಳಿದ ಸುಣ್ಣ 300 ಗ್ರಾಮು ಮಾತ್ರ. ಹಾಗಿದ್ದರೂ ಒಂದು ಕಿಲೋ ಹಾಕುವ ರೂಢಿ ಏಕೆ? ಸುಣ್ಣವು ಗಾಳಿಗೆ ತೆರೆದಿದ್ದರೆ ಇಂಗಾಲಾಮ್ಲವನ್ನು ಹೀರಿ ಕಾರ್ಬೊನೇಟ್ ಆಗಿ ಸತ್ತ್ವವನ್ನು ಕಳೆದುಕೊಳ್ಳುತ್ತದೆ. ತೋಟಗಾರನ ಕೈಗೆ ಬರುವ ಸುಣ್ಣದಲ್ಲಿ ಎಷ್ಟು ಜೀವವಿದೆಯೆಂದು ನೋಡಿ ಹೇಳುವುದು ಸಾಧ್ಯವಿಲ್ಲ. ತಾಮ್ರ ಸ್ವಲ್ಪವೂ ಬಿಡಿಯಾಗಿ ಉಳಿಯಬಾರದೆಂಬ ಮುನ್ನೆಚ್ಚರಿಕೆಯೇ ಈ ಧಾರಾಳಕ್ಕೆ ಕಾರಣ. ಉಳಿಯಿತೋ ಇಲ್ಲವೋ ಎಂಬುದನ್ನು ಅರಿಯಲು ಅಜ್ಜನ ಬಳಿ ಉಪಾಯವಿದೆ. ಉಜ್ಜಿ ಬೆಳಗಿಸಿದ ಕಬ್ಬಿಣದ ಕತ್ತಿಯನ್ನು ಮಿಶ್ರಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯುವುದು. ಅಲಗಿನ ಮೇಲೆ ಕೆಂಪು ಛಾಯೆ ಕೂತರೆ ಬಿಡಿ ತಾಮ್ರವಿದೆ, ಇನ್ನಷ್ಟು ಸುಣ್ಣ ಬೇಕು. ಅಲಗು ಬೆಳ್ಳಗೇ ಇದ್ದರೆ ಮದ್ದು ಸಿದ್ಧ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಯಾರು ಯಾರೊಡನೆ ಕೂಡಬಲ್ಲರೆಂಬ ಪಟ್ಟಿ ಮಾತ್ರ ಸಾಲದು. ಎಷ್ಟೆಷ್ಟು ಎಂಬುದೂ ತಿಳಿಯಬೇಕು. ಈ ‘ಎಷ್ಟು’ ಎಂಬುದಕ್ಕೆ 1889ರಲ್ಲಿ ಜರ್ಮನಿಯ ವಾಲ್ಟರ್ ನರ್ನ್ಸ್ಟ್ ಒಂದು ಅಳತೆಯನ್ನು ಕೊಟ್ಟನು. ಸರಳವಾದ ಜೋಡಿಯೊಂದರ ಎರಡು ಅಯಾನುಗಳ ಸಾಂದ್ರತೆಯನ್ನು ಗುಣಿಸಿದಾಗ ಬರುವ ಲಬ್ಧಕ್ಕೆ ಒಂದು ಮೇರೆಯಿದೆ. ಲಬ್ಧವು ಮೇರೆಯೊಳಗಿದ್ದರೆ ನೀರು ತಿಳಿಯಾಗಿರುತ್ತದೆ. ಮೇರೆ ಮೀರಿದರೆ ಮೀರಿದಷ್ಟು ಗಸಿಯಾಗುತ್ತದೆ. ‘ಕರಗದ ವಸ್ತು’ ಎಂದು ನಾವು ಕರೆಯುವುದು ಈ ಮೇರೆ ಬಹಳ ಸಣ್ಣದಾಗಿರುವ ವಸ್ತುವನ್ನು. ಸಂಪೂರ್ಣವಾಗಿ ಕರಗದ ಲವಣ ಲೋಕದಲ್ಲಿ ಇಲ್ಲ.

ಈ ಅಳತೆಯ ಉಪಯೋಗವನ್ನು ಕಾಣಬೇಕಾದರೆ ಕಾರ್ಕಳದಿಂದ ಕಡಲ ಕಡೆಗೆ ಇಳಿಯಬೇಕು. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಅದರ ಬೆನ್ನಿಗೆ ಮರಳಿನ ದಂಡೆ, ತೆಂಗಿನ ತೋಟ, ಮನೆ, ಬಾವಿ. ಇಂಥ ದಂಡೆಯ ಬಾವಿಗಳಲ್ಲಿ ಬೇಸಗೆ ಏರಿ ಸಿಹಿನೀರು ಇಳಿದಾಗ ಉಪ್ಪುನೀರು ಒಳಗೊಳಗೇ ಮುಂದೊತ್ತಿ ಬರುವ ಭಯ ಇದ್ದೇ ಇದೆ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಮು ಲವಣಗಳಿವೆ. ಅದರಲ್ಲಿ 19 ಗ್ರಾಮಿನಷ್ಟು ಕ್ಲೋರೈಡ್. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಮನ್ನು ಮೀರದಿರುವುದು ಒಳ್ಳೆಯದೆಂದೂ, ಬೇರೆ ಆಸರೆ ಇಲ್ಲದಾಗ 1000 ಮಿಲಿಗ್ರಾಮಿನವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಹಾಗೆಂದರೆ, ಕಡಲಿನ ಒಂದೇ ಕೊಡ ನೀರು ಸುಮಾರು 75 ಕೊಡ ಸಿಹಿನೀರನ್ನು ಮೊದಲನೆಯ ಮಿತಿಗೆ ತಲಪಿಸಬಲ್ಲುದು. ನಾಲಗೆಗೆ ತಿಳಿಯುವ ಮೊದಲೇ ಇದನ್ನು ಅಳೆಯುವ ಬಗೆ ಯಾವುದು?

ಬಾವಿಯ ನೀರಿಗೆ ಬೆಳ್ಳಿಯ ನೈಟ್ರೇಟಿನ ತಿಳಿದ್ರಾವಣವನ್ನು ಹನಿಸಬೇಕು. ಬೆಳ್ಳಿ ಮತ್ತು ಕ್ಲೋರೈಡ್ ಕೂಡಿ ಹಾಲಿನಂಥ ಬಿಳಿಗಸಿಯಾಗುತ್ತದೆ. ಒಂದು ಲೀಟರು ನೀರು ಅದನ್ನು ಸುಮಾರು 2 ಮಿಲಿಗ್ರಾಮಿಗಿಂತ ಹೆಚ್ಚು ಕರಗಿಸಲಾರದು. ಆದರೆ ಕ್ಲೋರೈಡೆಲ್ಲ ಮುಗಿಯಿತೆಂದು ತಿಳಿಯುವುದೆಂತು? ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಮೋರ್ ಎಂಬ ರಸಾಯನಜ್ಞನು ಇದಕ್ಕೊಂದು ಜಾಣ್ಮೆಯ ಉಪಾಯವನ್ನು ಕಂಡನು. ನೀರಿಗೆ ಮೊದಲೇ ಸ್ವಲ್ಪ ಪೊಟ್ಯಾಸಿಯಂ ಕ್ರೋಮೇಟನ್ನು ಬೆರೆಸಿಡುವುದು. ಬೆಳ್ಳಿಗೆ ಈಗ ಇಬ್ಬರು ಅಭ್ಯರ್ಥಿಗಳು: ಕ್ಲೋರೈಡ್ ಮತ್ತು ಕ್ರೋಮೇಟ್. ಲೆಕ್ಕದಂತೆ ಕ್ಲೋರೈಡಿನ ಮೇರೆಯೇ ಮೊದಲು ಮೀರುತ್ತದೆ. ಆದುದರಿಂದ ಅದು ಇರುವವರೆಗೆ ಬೆಳ್ಳಿ ಅದರೊಡನೆಯೇ ಇಳಿಯುತ್ತದೆ. ಕ್ಲೋರೈಡ್ ಮುಗಿದ ಮೇಲೆ ಬಿದ್ದ ಹನಿಗೆ ಮಾತ್ರ ಕ್ರೋಮೇಟ್ ದೊರೆತು, ಹಳದಿಯಾಗಿದ್ದ ನೀರು ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಅಲ್ಲಿಯವರೆಗೆ ಎಷ್ಟು ಬೆಳ್ಳಿ ಬಿತ್ತೋ ಅಷ್ಟೇ ಕ್ಲೋರೈಡ್. ಅಜ್ಜನ ಕತ್ತಿ ಮಾಡುವ ಕೆಲಸವನ್ನೇ ಇಲ್ಲಿ ಕ್ರೋಮೇಟ್ ಮಾಡುತ್ತದೆ. ಒಂದು ಮುಗಿದಿದೆ ಎಂಬುದನ್ನು ಬಣ್ಣದಿಂದ ಸಾರುತ್ತದೆ.

ತೋಟದಲ್ಲಿ ತಪ್ಪಿದರೆ ಬೆಳೆಗೆ ಹಾನಿ. ಬಾವಿಯಲ್ಲಿ ತಪ್ಪಿದರೆ ಇನ್ನೊಮ್ಮೆ ಅಳೆಯಬಹುದು. ಆದರೆ ತಪ್ಪಿಗೆ ಆಸ್ಪದವೇ ಇಲ್ಲದ ಸ್ಥಳವೊಂದಿದೆ. ಅದು ರೋಗಿಯ ಹಾಸಿಗೆಯ ಪಕ್ಕ. ಡಾಕ್ಟರ್ ಟಿ. ಎಂ. ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಂದಿನಿಂದ ಮಣಿಪಾಲದ ಗುಡ್ಡ ವೈದ್ಯವಿದ್ಯೆಯ ನೆಲೆಯಾಗಿದೆ. 1963ರಿಂದ ಅಲ್ಲಿ ಔಷಧಶಾಸ್ತ್ರದ ಶಿಕ್ಷಣವೂ ನಡೆದುಬಂದಿದೆ. ಇಂಥ ವಿದ್ಯಾಲಯಗಳಲ್ಲಿ ಕಲಿಯುವವರಿಗೆ ಪ್ರಕ್ಷೇಪವು ಅಂಕಗಳಿಗಷ್ಟೇ ಸೀಮಿತವಾದ ಪಾಠವಲ್ಲ.

ಬೇರಿಯಂ ಅಯಾನು ಘೋರವಾದ ವಿಷ. ಆದರೂ ಹೊಟ್ಟೆಯ ಎಕ್ಸ್‌ರೇ ತೆಗೆಯುವ ಮೊದಲು ರೋಗಿಗೆ ಬೇರಿಯಂ ಸಲ್ಫೇಟನ್ನು ಲೋಟದಲ್ಲಿ ಕುಡಿಸುವುದುಂಟು. ಅದು ಕರಗುವುದು ಲೀಟರಿಗೆ ಎರಡು-ಎರಡೂವರೆ ಮಿಲಿಗ್ರಾಮು ಮಾತ್ರ. ಜಠರದ ಆಮ್ಲಕ್ಕೂ ಜಗ್ಗದೆ ಬಂದ ದಾರಿಯಲ್ಲಿ ಸಾಗಿಹೋಗುತ್ತದೆ. ಬೇರಿಯಂ ಕಾರ್ಬೊನೇಟ್ ಕೂಡ ನೀರಿನಲ್ಲಿ ಕರಗುವುದು ಅತ್ಯಲ್ಪವೇ. ಆದರೆ ಆಮ್ಲದಲ್ಲಿ ಕರಗುತ್ತದೆ, ಆದುದರಿಂದ ಕೊಲ್ಲುತ್ತದೆ. ಎರಡೂ ಬಿಳಿಯ ಹುಡಿಗಳೇ. ಅವುಗಳ ಅಂತರವೇ ಸಾವು ಬದುಕಿನ ಅಂತರ.

ಇದಕ್ಕಿಂತ ಗಂಭೀರವಾದುದು ನಾಳಕ್ಕೆ ಏರಿಸುವ ದ್ರಾವಣಗಳ ಮಾತು. ಸೆಫ್‌ಟ್ರಯಾಕ್ಸೋನ್ ಬಹು ಉಪಯುಕ್ತವಾದ ಔಷಧ. ಅದು ಸೋಡಿಯಂ ಲವಣವಾಗಿ ಬರುತ್ತದೆ, ತಿಳಿಯಾಗಿ ಕರಗುತ್ತದೆ. ರಿಂಗರ್ ದ್ರಾವಣವೂ ತಿಳಿಯಾದುದೇ. ಅದರಲ್ಲಿ ಕ್ಯಾಲ್ಸಿಯಂ ಇದೆ. ಎರಡೂ ಕೂಡಿದರೆ ಕ್ಯಾಲ್ಸಿಯಮ್ಮು ಸೆಫ್‌ಟ್ರಯಾಕ್ಸೋನಿನೊಡನೆ ಜೋಡಿಯಾಗಿ ಕರಗದ ಕಣಗಳಾಗಬಹುದು. ನವಜಾತ ಶಿಶುಗಳಲ್ಲಿ ಇಂಥ ಕಣಗಳು ಶ್ವಾಸಕೋಶ ಮತ್ತು ಮೂತ್ರಪಿಂಡಗಳಲ್ಲಿ ಸಿಕ್ಕಿ ಮರಣ ಸಂಭವಿಸಿದ ಪ್ರಸಂಗಗಳನ್ನು ಗಮನಿಸಿ, 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಎಚ್ಚರಿಕೆಯನ್ನು ಹೊರಡಿಸಿತು. ಅದಕ್ಕೂ ಮೊದಲು, 1994ರಲ್ಲಿ, ನಾಳದ ಮೂಲಕ ಕೊಡುವ ಆಹಾರದ್ರವದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಗಸಿಯಾಗಿ ಇಬ್ಬರು ಮೃತರಾದ ವರದಿಯಿಂದ ಅಂಥದೇ ಎಚ್ಚರಿಕೆ ಬಂದಿತ್ತು. ಕ್ಯಾಲ್ಸಿಯಮ್ಮೂ ಫಾಸ್ಫೇಟೂ ಕೂಡಿದರೆ ಗಸಿಯಾಗುವುದೆಂಬುದು ಕಾಲೇಜಿನ ಹುಡುಗಿ ಬಾಯಿಪಾಠ ಮಾಡಿದ ಆ ಪಟ್ಟಿಯಲ್ಲಿಯೇ ಇದೆ.

ಎರಡೂ ಔಷಧಗಳು ಒಳ್ಳೆಯವೆ. ಬೇರೆ ಬೇರೆಯಾಗಿ, ವಿಧಿಬದ್ಧವಾಗಿ ಕೊಟ್ಟಾಗ ಎರಡೂ ಪ್ರಾಣ ಉಳಿಸುವಂಥವು. ದೋಷವಿರುವುದು ಅವು ಕೂಡುವಲ್ಲಿ. ತೋಟಗಾರನು ಮಿಶ್ರಣವನ್ನು ಮಾಡಿ ಕತ್ತಿಯಿಂದ ಪರೀಕ್ಷಿಸಬಹುದು. ಕೆಟ್ಟರೆ ಚೆಲ್ಲಿ ಹೊಸದಾಗಿ ಮಾಡಬಹುದು. ನಾಳದೊಳಗೆ ಕತ್ತಿಯನ್ನು ಅದ್ದಿ ನೋಡುವ ಹಾಗಿಲ್ಲ. ಅಲ್ಲಿ ಮುಂಚಿತವಾಗಿ ಅರಿಯುವುದೊಂದೇ ಪರೀಕ್ಷೆ. ಕೂಡಿಸುವ ಮೊದಲು ನಾಲ್ಕು ಅಯಾನುಗಳನ್ನು ಕಾಗದದ ಮೇಲೆ ಬರೆದು, ಎರಡು ಹೊಸ ಜೋಡಿಗಳನ್ನು ಎಣಿಸಿ, ಅವು ಕರಗುವವೆ ಎಂದು ಕೇಳಿಕೊಳ್ಳುವ ಆ ಒಂದು ನಿಮಿಷದ ಅಭ್ಯಾಸಕ್ಕೆ ಬೆಲೆ ಬರುವುದು ಇಂಥಲ್ಲಿ.

ಕಾರ್ಕಳದ ತೋಟದಲ್ಲಿ ಅಂದು ಮೊಮ್ಮಗಳೇ ತುತ್ತದ ನೀರನ್ನು ಸಣ್ಣ ಧಾರೆಯಾಗಿ ಸುಣ್ಣಕ್ಕೆ ಹೊಯ್ದಳು. ಅಜ್ಜ ಕೋಲಿನಿಂದ ಕದಡುತ್ತಾ ನಿಂತರು. ನೀಲಿ ಗಸಿ ಮೋಡದಂತೆ ಎದ್ದು ಪಾತ್ರೆಯನ್ನು ತುಂಬಿತು. “ಇದು ತಾಮ್ರದ ಹೈಡ್ರಾಕ್ಸೈಡ್ ಅಜ್ಜ. ನೀರಿನಲ್ಲಿ ಕರಗುವುದಿಲ್ಲ. ಅದಕ್ಕೇ ಮಳೆಗೆ ಹೋಗುವುದಿಲ್ಲ” ಎಂದಳು. ಅಜ್ಜ ಕತ್ತಿಯನ್ನು ಅದ್ದಿ, ನಿಮಿಷ ಕಳೆದು ತೆಗೆದು, ಬೆಳಕಿಗೆ ಹಿಡಿದು ನೋಡಿದರು. ಅಲಗು ಬೆಳ್ಳಗಿತ್ತು. “ಹೆಸರು ನನಗೆ ಗೊತ್ತಿರಲಿಲ್ಲ ಮಗಳೇ” ಎಂದು ನಕ್ಕು, ಪಿಚಕಾರಿಯವನನ್ನು ಕೂಗಿ ಕರೆದರು. ಮೋಡ ತಲೆಯ ಮೇಲೆ ಬಂದಿತ್ತು, ಇನ್ನು ತಡಮಾಡುವಂತಿರಲಿಲ್ಲ.